ಎಂಟು ಕೊಡ

ಮಾರ್ಚಿನ ಒಂದು ಮಧ್ಯಾಹ್ನ. ಯಾದಗಿರಿಯ ಗುಡ್ಡ
ಕಾದ ಬಂಡೆಯ ಉಸಿರನ್ನು ಊರಿನ ಮೇಲೆ ಬಿಡುವ ಹೊತ್ತು.
ಸ್ಟೇಷನ್ ರೋಡಿನ ನನ್ನ ಗಾಜಿನಂಗಡಿಗೆ
ತಹಸೀನ ಬಂದಳು, ಟೇಲರ್ ರಜಿಯಾಬಿಯ ಮಗಳು.
ಎದೆಗವಚಿದ್ದ ದುಂಡು ಬೋಗುಣಿಯೊಳಗೆ
ಕುಂಕುಮಕ್ಕಿಂತ ತುಸು ಹಳದಿ, ಅರಿಸಿನಕ್ಕಿಂತ ತುಸು ಕೆಂಪು,
ಒಂದು ಮೀನು.

"ಎಷ್ಟು ಒರೆಸಿದ್ರೂ ಮಬ್ಬು ಹೋಗವಲ್ದು ಕಾಕಾ,
ಬ್ಯಾರೆ ಗಾಜು ಹಾಕಿಕೊಡ್ರಿ."

ಮಬ್ಬು ಗಾಜಿನದಲ್ಲ, ನೀರಿನದು.
ತನ್ನದೇ ಹೇಲುಚ್ಚಿಯೊಳಗೆ ತಾನು, ಪಾಪ,
ಮೇಲೆ ಬಂದು ಗಾಳಿ ನುಂಗುತ್ತಿತ್ತು.
ತಿರುಗಿ ಮುಗಿಯುವ ಮೊದಲೇ ಮತ್ತೆ ತಿರುಗಬೇಕು ಅದಕ್ಕೆ:
ಬಾಲ ಇನ್ನೂ ಹಿಂದಿನ ತಿರುವಿನಲ್ಲಿ,
ಮೂತಿ ಆಗಲೇ ಮುಂದಿನದರಲ್ಲಿ.

"ಬೋಗುಣಿ ಸಣ್ಣದಿದ್ರ ಮೀನೂ ಸಣ್ಣದೇ ಇರ್ತದಂತ.
ನುಮಾಯಿಷಿನಿಂದ ತಂದಾಗ ಮಾಮೂ ಹೇಳ್ಯಾನ."

ಸುಳ್ಳು. ಓದಿ ತಿಳಿದದ್ದಲ್ಲ.
ಅವಳ ವಯಸ್ಸಿನಲ್ಲಿ ನಾನೂ ಒಂದನ್ನು
ಹಾರ್ಲಿಕ್ಸ್ ಬಾಟ್ಲಿಯಲ್ಲಿ ಸಾಕಿದ್ದೆ.
ಹನ್ನೊಂದು ದಿನ.

"ಪೂರಾ ಬೆಳೆದರ ಎಷ್ಟಾಗ್ತದ?" ಅಂದಳು.
ಗೇಣು ಚಾಚಿ ತೋರಿಸಿದೆ.
ಹುಡುಗಿ ನನ್ನ ಗೇಣು ನೋಡಿದಳು, ಬೋಗುಣಿ ನೋಡಿದಳು.
ಬೋಗುಣಿ ಗೇಣಿಗಿಂತ ಕಮ್ಮಿ ಇತ್ತು.
ಓಢಣಿಯ ಗಂಟು ಬಿಚ್ಚಿ ಎಣಿಸಿಟ್ಟಳು
ಇನ್ನೂರಾ ಹತ್ತು ರೂಪಾಯಿ, ಬಹಳಷ್ಟು ಚಿಲ್ಲರೆ.

ಮೂಲೆಯಲ್ಲಿ ಒಂದು ದಪ್ಪ ಗಾಜು ಆರು ವರ್ಷದಿಂದ
ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು.
ಸರಾಫನ ಶೋಕೇಸಿಗೆಂದು ಕೊಯ್ದದ್ದು,
ಎರಡಿಂಚು ಕಮ್ಮಿ ಕೊಯ್ದದ್ದು.
ಬಜಾರಿನ ಎದುರು ಅವನು ನನ್ನ ಕಣ್ಣು ಪರೀಕ್ಷೆ ಮಾಡಿಸು ಅಂದಿದ್ದ.
ಮಾರಲಿಲ್ಲ, ಒಡೆಯಲಿಲ್ಲ.
ಆಯುಧ ಪೂಜೆಗೊಮ್ಮೆ ಒರೆಸಿ ವಿಭೂತಿ ಹಚ್ಚುತ್ತಿದ್ದೆ,
ತಪ್ಪಿಗೂ ಒಂದು ಪೂಜೆ.

ಅಂದು ಅದನ್ನು ಮೇಜಿನ ಮೇಲೆ ಮಲಗಿಸಿದೆ.
ಸೀಮೆಎಣ್ಣೆಯಲ್ಲಿ ಮೊನೆ ಅದ್ದಿ, ಪಟ್ಟಿ ಒತ್ತಿ, ಒಂದೇ ಎಳೆತ.
ಎರಡನೆಯ ಗೆರೆ ಗಾಜು ತಾಳುವುದಿಲ್ಲ.
ಟಕ್.
ಉದ್ದ ಮೂರಡಿ. ಅಗಲ, ಎತ್ತರ ಹದಿನೈದು ಇಂಚು.
ಎರಡು ದಿನ ಅಂಗಡಿಯೆಲ್ಲ ಸಿಲಿಕಾನಿನ ಹುಳಿವಾಸನೆ,
ಮೂರನೆಯ ದಿನ ನೀರು ತುಂಬಿ, ಕೆಳಗೆ ಪೇಪರು ಹಾಸಿ,
ಒಂದು ಹನಿಗಾಗಿ ರಾತ್ರಿಯೆಲ್ಲ ಕಾದೆ. ಬೀಳಲಿಲ್ಲ.

"ಎಂಟು ಕೊಡ!" ಎಂದಳು ರಜಿಯಾಬಿ.
"ನಳ ಬರೋದು ನಾಕು ದಿನಕ್ಕೊಮ್ಮೆ, ಮೌನೇಶ್ ಭಾಯ್.
ಹತ್ತು ಬೈ ಹತ್ತರ ಖೋಲಿ ನಮ್ಮದು.
ಮೀನಿಗೆ ಮನಿ ಕೊಟ್ಟು ನಾವು ಎಲ್ಲಿರಬೇಕು?"

ಹೊಲಿಗೆ ಮಷೀನು, ಮಂಚ, ಜಂಪರಿನ ಗಂಟುಗಳು.
ನನ್ನ ಟೇಪು ಮಡಚಿಕೊಂಡು ಕಿಸೆಯೊಳಗೆ ಹೋಯಿತು.
ಏನು ಹೇಳಲಿ?

ನಳ ಬಂದ ದಿನ ಮೊದಲ ಕೊಡ ಸುರಿದದ್ದು ಅವ್ವನೇ
ಅಂತ ತಹಸೀನ ಹೇಳಿದಳು.
ನೀರು ಒಂದು ದಿನ ಸುಮ್ಮನೆ ನಿಂತ ಮೇಲೆ ಮೀನು ಬಿಟ್ಟರಂತೆ.
ಈಗ ಪ್ರತಿ ಸಲ ಒಂದೂವರೆ ಕೊಡ ಹೊಸ ನೀರು,
ತೆಗೆದ ಹಳೆಯದು ಅಂಗಳದ ಮೆಹಂದಿ ಗಿಡಕ್ಕೆ.

ಸೋರುತ್ತದೇನೋ ನೋಡುವ ನೆಪದಲ್ಲಿ ಮೂರು ಸಲ ಹೋದೆ.
ಎರಡು ಸಲವೂ ಅದು ಒಂದು ಮೂಲೆಯಲ್ಲಿ
ಇಲ್ಲದ ಬೋಗುಣಿಯೊಳಗೆ ಸುತ್ತುತ್ತಿತ್ತು.
ಮೂರನೆಯ ಸಲ ರಜಿಯಾಬಿ ಸೂಜಿಗೆ ದಾರ ಪೋಣಿಸುತ್ತ
ತಲೆ ಎತ್ತದೆಯೇ ಅಂದಳು, "ನೋಡ್ರಿ."
ಮೀನು ಹೊರಟಿತು. ಸೀದಾ. ಮೂರಡಿ.
ಕೊನೆಗೆ ಹೋಗಿ ನಿಂತು,
ತಿರುಗಲು ಅವಸರ ಮಾಡಲಿಲ್ಲ.

ಸಂಜೆ ಅಂಗಡಿಗೆ ಒಬ್ಬ ಬಂದ,
ತೀರಿಹೋದ ಅಕ್ಕನ ಫೋಟೊಕ್ಕೆ ಕಟ್ಟು ಹಾಕಿಸಲು.
"ಅಂಚು ಕತ್ತರಿಸ್ರಿ, ಸಣ್ಣ ಫ್ರೇಮಿನ್ಯಾಗ ಕುಂದ್ರಲಿ, ಅಗ್ಗ ಆಗ್ತದ."
ಕತ್ತರಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತೆ.
ಆಮೇಲೆ ಅದೇ ರೊಕ್ಕಕ್ಕೆ ದೊಡ್ಡ ಫ್ರೇಮು ತೆಗೆದು
ಆಕೆಯ ಮುಖದ ಸುತ್ತ
ಎರಡೆರಡು ಇಂಚು ಬಿಳಿ ಬಿಟ್ಟೆ.