ಜೋಡಿ ಕೊಕ್ಕೆ

ಬೈತಖೋಲದ ಸೊಸೈಟಿ ಆಫೀಸಿನಲ್ಲಿ ಸಂಜೆ ಏಳು.
ಐಸ್ ಪ್ಲಾಂಟಿನ ನಡುಕ ನನ್ನ ಕುರ್ಚಿಯ ಕಾಲಿಗೂ ಹತ್ತಿದೆ.
ಬೋಟು ನೂರಾ ಹನ್ನೆರಡು, ನಾಳೆ ಡೀಸೆಲ್ ಚೀಟಿ.
ನಾನು ಬರೆದ ಸ್ಕ್ರಿಪ್ಟು ಉಗುಳಿದ್ದು
ಇನ್ನೂರ ತೊಂಬತ್ತೊಂದು.

‘ಶ್ರೀ ಶಾಂತಾದುರ್ಗಾ ಕೃಪಾ’ ಮೂರು ಬೋಟಾಗಿದೆ:
ಶ್ರೀಗೆ ಇನ್ನೂರು ಲೀಟರು,
ಶಾಂತಾದುರ್ಗೆಗೆ ಇನ್ನೂರು,
ಕೃಪೆಗೂ ಇನ್ನೂರು.
ಬುದವಂತ ತಾಂಡೇಲರು ಕನ್ನಡಕ ಏರಿಸಿ ನೋಡಿ,
‘ಇರಲಿ ಬಿಡು ತಂಗಿ,
ಕೃಪೆಗೂ ಎಂಜಿನ್ನು ಬೇಕಲ್ಲ’ ಅಂದರು.

ಈ ಯಂತ್ರಕ್ಕೆ ಹೆಸರು ಗೊತ್ತಿಲ್ಲ, ಸಂದು ಮಾತ್ರ ಗೊತ್ತು.
ಸಂದು ಕಂಡಲ್ಲಿ ಕತ್ತಿ,
ಮಾರ್ಕೆಟ್ಟಿನ ಪ್ರೇಮಾವತಿ ಬಾಯಿ ಗಿರಾಕಿಯ ಮುಖ ನೋಡುತ್ತಲೇ
ಇಸ್ವಾಣ ತುಂಡರಿಸುವ ಹಾಗೆ.
ಶಾಲೆಯಲ್ಲಿ ಪಾಗಿ ಮಾಸ್ತರರು
ಹಳೆಗನ್ನಡದ ಸಾಲೊಂದನ್ನು ಉಸಿರಿಗೂ ಜಾಗ ಬಿಡದೆ
ಹಲಗೆಯ ಉದ್ದಕ್ಕೂ ಬರೆದು ‘ಬಿಡಿಸಿ’ ಎನ್ನುತ್ತಿದ್ದರು.
ಬಿಡಿಸುವುದೇ ಬುದ್ಧಿ ಅಂದುಕೊಂಡಿದ್ದೆ.

ಇನಾಸನದು ಬೇರೆ ಕಥೆ.
ಬೋಟಿನ ಹೆಸರಿನ ಮುಂದೆ, ಚಂದಕ್ಕೆ, ಒಂದು ನಕ್ಷತ್ರ.
ನಕ್ಷತ್ರವೆಂದರೆ ‘ಎಲ್ಲವೂ’ ಎಂದು ಓದಿಕೊಂಡ ಯಂತ್ರ
ಫೋಲ್ಡರಿನಲ್ಲಿದ್ದುದನ್ನೆಲ್ಲ ಅವನ ಬೋಟಿಗೆ ಹತ್ತಿಸಿತು:
ಹೋದ ವರ್ಷದ ಲೆಕ್ಕ, ಸಂಬಳದ ಪಟ್ಟಿ,
ನನ್ನ ರಜೆ ಅರ್ಜಿ.

ಮದ್ದು ಸಣ್ಣದು. ಎರಡೂ ಬದಿಗೆ ಜೋಡಿ ಕೊಕ್ಕೆ.
ಒಳಗೆ ಹೆಸರು ಇಡಿಯಾಗಿ ನಿಲ್ಲುತ್ತದೆ,
ಡಾಲರು ಗುರುತು ಕರೆದರೆ ಓ ಅನ್ನುತ್ತದೆ.
ಒಂಟಿ ಕೊಕ್ಕೆ ಹಾಕಿದಿರೋ, ಅದೂ ಇಲ್ಲ;
ಉಪ್ಪಿಗೆ ಹಾಕಿದ ಬಂಗಡೆ,
ಎಷ್ಟು ಕರೆದರೂ ಬಂಗಡೆ.

ಉಳಿದದ್ದು ಎಪ್ಪತ್ತಮೂರನೇ ಸಾಲು.
ಬೋಟು, ಮಾಲೀಕ, ಜೊತೆ ಮಾಲೀಕ, ಫೋನು.
ಜೊತೆ ಮಾಲೀಕ ತಾಂಡೇಲರ ತಮ್ಮ.
ದೇವಗಡದ ದೀಪದಾಚೆ, ಕಳೆದ ಆಗಸ್ಟು.
ಹೆಸರು ಅಳಿಸಲು ತಾಂಡೇಲರೇ ಹೇಳಿದ್ದರು,
ಬಾಗಿಲಲ್ಲಿ ನಿಂತು, ಒಳಗೆ ಬಾರದೆ.
ಕೊಕ್ಕೆ ಇಲ್ಲದಾಗ
ಖಾಲಿ ಎಂಬುದು ಯಂತ್ರಕ್ಕೆ ಇಲ್ಲವೇ ಇಲ್ಲ;
ಹಿಂದಿನದು ಮುಂದೆ ಸರಿಯುತ್ತದೆ, ಬಸ್ಸಿನ ಸಾಲಿನ ಹಾಗೆ.
ತಮ್ಮನ ಜಾಗದಲ್ಲಿ ಹತ್ತು ಅಂಕಿಯ ನಂಬರು
ಕಾಲು ಚಾಚಿ ಕೂತಿತ್ತು.

ಕೊಕ್ಕೆ ಹಾಕಿದೆ.
""
ನಂಬರು ಎದ್ದು ತನ್ನ ಖಾನೆಗೆ ಹೋಯಿತು.
ಏನೂ ಇಲ್ಲದ್ದು ಬಂದು ತನ್ನ ಜಾಗದಲ್ಲಿ ಕೂತಿತು.

ತಾಂಡೇಲರು ಚೀಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದರು.
‘ಇಲ್ಲಿ?’ ಬೆರಳು ಬಿಳಿಯ ಮೇಲೆ.
‘ಏನಿಲ್ಲ, ಹಾಗೇ ಬಿಟ್ಟಿದೆ.’
‘ಹೂಂ.’
ಮಡಿಕೆ ಅದರ ಮೇಲೆ ಬೀಳದ ಹಾಗೆ
ಎರಡು ಸಲ ಬಿಚ್ಚಿ, ಮತ್ತೆ ಮಡಚಿ,
ಜೇಬಿಗಿಟ್ಟು, ಡೀಸೆಲ್ ಬಂಕಿನ ಕಡೆ ನಡೆದರು.