ಚಾರ್ಜು ಕೊಡುವ ದಿನ

ಇಗೋ ರುಕಿಯಾ, ಒಂಬತ್ತು ಕೀಲಿಕೈ.
ಏಳಕ್ಕೆ ಬೀಗವಿದೆ. ಉಳಿದೆರಡು ಯಾತಕ್ಕೆಂದು
ನನಗೆ ಚಾರ್ಜು ಕೊಟ್ಟವನಿಗೂ ಗೊತ್ತಿರಲಿಲ್ಲ.
ರಿಜಿಸ್ಟರಿನಲ್ಲಿ ಬ್ಯೂರೆಟ್ಟು ಮೂವತ್ತೆರಡು,
ಕಪಾಟಿನಲ್ಲಿ ಹತ್ತೊಂಬತ್ತು.
ಮಿಕ್ಕವು ಒಡೆದಿವೆ ಎಂದು ಬರೆದುಕೊ,
ಈ ಪುಸ್ತಕದಲ್ಲಿ ಸುಳ್ಳಾಗದ ಮಾತು ಅದೊಂದೇ.
ಆ ಕಪ್ಪು ದ್ರವ ಕಾಚಂಪುಳಿ.
ಆಮ್ಲದ ಸ್ಟಾಕು ಬಾರದ ವರ್ಷ
ಲಿಟ್ಮಸ್ಸಿಗೆಂದು ಮನೆಯಿಂದ ತಂದದ್ದು, ಎಸೆಯಬೇಡ.

ಗೋಡೆಯ ಮೇಲಿರುವುದು ಆವರ್ತ ಕೋಷ್ಟಕ.
ಬಲಗಡೆಯ ಮೇಲಿನ ಮೂಲೆ ಗೆದ್ದಲು ತಿಂದಿದೆ:
ಫ್ಲೋರಿನ್, ನಿಯಾನ್ ಹೋದವು, ಹೀಲಿಯಂ ಅರ್ಧ ಉಳಿದಿದೆ.
ಕಂಡಕಂಡವರಿಂದ ಕಸಿಯುವ ಫ್ಲೋರಿನ್ನನ್ನು
ಒಂದು ಹುಳ ಸದ್ದಿಲ್ಲದೆ ಮುಗಿಸಿತು.

ನಾನು ಕೂತು ಓದಿದ್ದು ಏಳನೇ ಕ್ಲಾಸು.
ನಿಂತು ಓದಿದ್ದು ಈ ಬಾಗಿಲ ಸಂದಿಯಲ್ಲಿ,
ಟೆಸ್ಟ್‌ಟ್ಯೂಬು ತೊಳೆಯುತ್ತ, ಇಪ್ಪತ್ತೇಳು ವರ್ಷ.
ಪಾಠ ಅದೇ. ದೇಚಮ್ಮ ಮೇಡಂ ಸೀರೆ ಬೇರೆ.
ಪ್ರತಿ ವರ್ಷ ಯಾರಾದರೊಬ್ಬರು ಏಳುತ್ತಾರೆ:
"ಎಡದಿಂದ ಬಲಕ್ಕೆ ಎಲೆಕ್ಟ್ರಾನು ಒಂದೊಂದೇ ಹೆಚ್ಚಿದರೆ
ಪರಮಾಣು ದಪ್ಪವಾಗಬೇಕಲ್ಲ, ಸಣ್ಣದಾಗುವುದೇಕೆ?"
ಮೇಡಂ ಬೋರ್ಡಿನ ನಟ್ಟನಡುವೆ
ಪ್ಲಸ್ಸಿನ ಮೇಲೆ ಪ್ಲಸ್ಸು ಬರೆಯುತ್ತ ಹೋಗುತ್ತಾರೆ.
ನನಗದು ಹೊಳೆದದ್ದು ಹಟ್ಟಿಯಲ್ಲಿ.
ಕರುವೊಂದು ಹೆಚ್ಚಿತೆಂದರೆ ಅಪ್ಪ
ಗೂಟಕ್ಕೆ ಇನ್ನೊಂದು ಪೆಟ್ಟು ಹಾಕುತ್ತಿದ್ದ,
ಹಗ್ಗವನ್ನು ಮತ್ತೊಂದು ಸುತ್ತು ಸುತ್ತುತ್ತಿದ್ದ.
ದನ ಹೆಚ್ಚಿತು, ಸುತ್ತಳತೆ ಕಿರಿದಾಯಿತು.

ಕೆಳಗಿಳಿದರೆ ಬೇರೆ ಕತೆ.
ಲಿಥಿಯಂ ಮುಂದೆ, ಸೋಡಿಯಂ ಅದರ ಹಿಂದೆ,
ಪೊಟ್ಯಾಸಿಯಂ ಕಿಟಕಿ ಪಕ್ಕದ ಬೆಂಚು.
ಮೇಡಂ ದನಿ ಅಷ್ಟು ತಲೆ ದಾಟಿ
ಅಲ್ಲಿ ಮುಟ್ಟುವಷ್ಟರಲ್ಲಿ ಸವೆದಿರುತ್ತದೆ.
ವಿರಾಜಪೇಟೆ ಬಸ್ಸಿನ ಹಾರ್ನು ಸಾಕು,
ಹುಡುಗ ಇಲ್ಲ.

ಈಗ ಈ ಸೀಸೆ. ಎರಡೂ ಕೈಯಲ್ಲಿ ಹಿಡಿ.
ಸೀಮೆಎಣ್ಣೆಯೊಳಗೆ ಹಳೇ ಬೆಲ್ಲದಚ್ಚಿನಂತೆ ಕಾಣುವುದು
ಸೋಡಿಯಂ. ಚಾಕುವಿಗೆ ಬೆಣ್ಣೆ.
ಕೊಯ್ದ ಕಡೆ ಬೆಳ್ಳಿ,
ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಮಂಕು.
ನಾಪೋಕ್ಲಿನ ಗಾಳಿಯೆಂದರೆ ಅರ್ಧ ನೀರೇ ಅಲ್ಲವೆ?
ಹೊರಸುತ್ತಿನ ಒಂದೇ ಒಂದನ್ನು
ಯಾರಿಗಾದರೂ ಕೊಟ್ಟುಬಿಡಬೇಕು ಅದಕ್ಕೆ.
ಕೇಳದವರಿಗೂ ಕೊಡುತ್ತದೆ.
ಕೊಡುವಾಗ ಉರಿಯುತ್ತದೆ.

ಆ ವರ್ಷ ಆಗಸ್ಟಿನಲ್ಲಿ ಕಾವೇರಿ
ಗದ್ದೆ ದಾಟಿ, ರಸ್ತೆ ದಾಟಿ, ಲ್ಯಾಬಿನ ಹೊಸಿಲು ದಾಟಿದಳು.
ಊರವರು ಅಕ್ಕಿ, ಟಿವಿ, ಕರಿಮೆಣಸಿನ ಚೀಲ ಅಟ್ಟಕ್ಕೇರಿಸುತ್ತಿದ್ದರೆ
ನನಗೆ ನೆನಪಾದದ್ದು ಕೆಳಗಿನ ಖಾನೆ, ಈ ಸೀಸೆ,
ಇದರ ಸಡಿಲ ಬಿರಡೆ.
ಸೊಂಟದ ನೀರಿನಲ್ಲಿ ತಡಕಿ, ಎದೆಗವುಚಿ
ಮೇಡಂ ಮೇಜಿನ ಮೇಲೆ ಹತ್ತಿ ಕೂತೆ.
ಕೆಳಗೆ ಹೊಳೆ. ಮಡಿಲಲ್ಲಿ ಬೆಂಕಿ.
ನಡುವೆ ಎರಡು ಬೆರಳು ಸೀಮೆಎಣ್ಣೆ.
ಬೆಳಗಿನವರೆಗೂ ಇದರೊಡನೆ ಮಾತಾಡಿದೆ:
ಇವತ್ತೊಂದು ರಾತ್ರಿ ಕೊಡಬೇಡ ಮಾರಾಯ,
ಇಟ್ಟುಕೊ, ನಾನೂ ಇಟ್ಟುಕೊಂಡೇ ಇದ್ದೇನೆ.
ದೋಣಿಯವರು ಏನದು ಎಂದರು.
ಉಪ್ಪಿನಕಾಯಿ ಎಂದೆ.
ರಿಜಿಸ್ಟರಿನಲ್ಲಿ ಅದಕ್ಕೊಂದು ಸಾಲಿದೆ, ಓದು:
ಸೋಡಿಯಂ, ನೂರು ಗ್ರಾಂ, ಸುಸ್ಥಿತಿ.

ಕೊಟ್ಟ ಮೇಲೆ ಅದು ಮೊದಲಿಗಿಂತ ಸಣ್ಣದಂತೆ,
ಒಂದಿಡೀ ಸುತ್ತೇ ಇಲ್ಲವಾಗುತ್ತದಂತೆ.
ಆಮೇಲೆ ನೀರಿಗೆ ಹೆದರಿಕೆಯಿಲ್ಲ,
ಗಂಜಿಯಲ್ಲೂ ಇರುತ್ತದೆ, ಕಣ್ಣೀರಿನಲ್ಲೂ.
ಮೇಡಂ ಇದನ್ನು ಹೇಳುವ ಹೊತ್ತಿಗೆ
ಯಾವಾಗಲೂ ಬೆಲ್ಲಾಗಿರುತ್ತಿತ್ತು.

ಸಹಿ ಇಲ್ಲಿ ಹಾಕು. ಒಪ್ಪಿಸಿದವರು, ಕುಶಾಲಪ್ಪ.
ಒಪ್ಪಿಕೊಂಡವರು, ನೀನು.
ರೇಷನ್ನಿನಲ್ಲಿ ಈಗ ಸೀಮೆಎಣ್ಣೆ ಸಿಗುವುದಿಲ್ಲ,
ಆಫೀಸಿಗೆ ಬರೆದು ಬರೆದು ತರಿಸು.
ಒಂದು ಬೆರಳು ಇಳಿದರೂ ತುಂಬು.
ಮಳೆ ಹಿಡಿಯುವ ಮೊದಲು
ಮೇಲಿನ ಖಾನೆಗೆ.