ಸುಣ್ಣದ ಗೆರಿ

ಕ್ಯಾಂಪಿನ ಮೈದಾನಕ್ಕ ಗೆರಿ ಹಾಕಾಂವ ನಾನು.
ಮೂವತ್ತೊಂದು ವರ್ಷ ಆತು.
ಎರಡು ಗೂಟ, ಒಂದು ಸುತಳಿ, ತೂತಿನ ಡಬ್ಬಿ,
ಬಗ್ಗಿದ ಬೆನ್ನು.
ಆಟ ಇವಗೇನು ತಿಳೀತೈತಿ ಅಂತಾರ. ಅನ್ನಲಿ.
ಯಾರ ಕಾಲು ಎಲ್ಲಿ ಸುಣ್ಣ ಕದಡೇತಿ
ಮರುದಿನ ಮುಂಜಾನೆ ನಾ ಓದತೇನಿ,
ನೀವು ಪೇಪರ್ ಓದಿದಂಗ.

ಇನಾಸ್ ಸೋಜನ್ನ ಮೊದಲು ಓದಿದ್ದೂ ಹಂಗ.
ಪೆನಾಲ್ಟಿ ಚೌಕದ ಮುಂಗೆರಿ ಪೂರಾ ಅಳಿಸಿ ಹೋಗಿತ್ತು
ಎಮ್ಮಿ ಹೊಳ್ಳಾಡಿದಂಗ.
ಯಾವನಿಂವ ಅಂದೆ.
ಅಲ್ಯೂಮಿನಿಯಂ ಫ್ಯಾಕ್ಟರಿ ಟೀಮಿನ ಹೊಸ ಸ್ಟಾಪರ್,
ಖಾನಾಪುರ ಕಡೇಂವ,
ಅಪ್ಪ ಬೇಕರಿಯೊಳಗ ಪಾವ್ ಸುಡತಾನ ಅಂದ್ರು.

ಗೋಲು ಹೊಡದಾಂವಲ್ಲ. ಒಂಬತ್ತು ವರ್ಷದಾಗ ಒಂದೂ ಇಲ್ಲ.
ಬಂದ ದಾರಿಗೆ ಸುಂಕಿಲ್ಲ ಅಂತ
ಬಂದ ಚೆಂಡನ್ನ ತಿರುಗಿ ಕಳಸೂದು,
ಅಷ್ಟ.
ಪೇಪರಿನಾಗ ಹೆಸರು ಬಂದದ್ದು ಒಮ್ಮೆ:
ಕೊಲ್ಲಾಪುರದವರ ಕೂಡ ಫೈನಲ್,
ಎಂಬತ್ತೆಂಟನೇ ಮಿನಿಟು,
ಅವನ ಮೊಣಕಾಲಿಗೆ ಬಡದ ಚೆಂಡು
ನಮ್ಮದ ಬಲಿಯೊಳಗ ಹೊಕ್ಕಿತು.

ಅದ ಮೊಣಕಾಲು ಎರಡು ವಾರಕ್ಕ ಕೆಸರಾಗ ಮುರೀತು.
ಜನ ಎರಡನ್ನೂ ಕೂಡಿಸಿ ಕತಿ ಕಟ್ಟಿದ್ರು,
ಪಾಪ ಪುಣ್ಯ ಅಂತೆಲ್ಲ.
ನಾ ನೋಡಿದ್ದು ಇಷ್ಟ,
ಗೋಲಿನ ಗೆರಿ ಮ್ಯಾಲ ಎರಡು ಅಂಗೈ ಗುರುತು,
ಬೆರಳು ಅಗಲ, ಆಳ.
ಅದರ ಮ್ಯಾಲ ಸುಣ್ಣ ಸುರುವಾಕ
ನನಗ ನಾಕು ದಿನ ಕೈ ಬರಲಿಲ್ಲ.

ಫ್ಯಾಕ್ಟರಿಯವರು ಸ್ಟೋರಿನಾಗ ಕೂಡ್ರಿಸಿದ್ರು.
ನಟ್ಟು ಎಣಸಿದ, ಬೋಲ್ಟು ಎಣಸಿದ.
ಟೀಮ ಬಂದಾತು.
ಆಮ್ಯಾಲ ಒಂದಿನ, ಮಳಿ ಹೊಳವಾದ ಐತವಾರ,
ಕುಂಟಕೋತ ಬಂದ.
ಹಿಂದ ವಡಗಾವಿ ಸಾಲಿಯ ಹನ್ನೆರಡು ಹುಡುಗ್ಯಾರು,
ಏಳು ಜೋಡಿ ಬೂಟು.

ಮೊದಲನೇ ವರ್ಷ ಸೋತ್ರು. ಎರಡನೇದೂ ಸೋತ್ರು, ಸ್ವಲ್ಪ ಕಡಿಮಿ.
ಮಗ್ಗದ ಮನೀ ಮಕ್ಕಳು;
ಲಾಳಿ ಎಂದರೆ ಎಳಿ ಬಿಟ್ಟು ಓಡೇತೇನವ್ವಾ ಅಂತ ಕೇಳತಿದ್ದ,
ಮತ್ತ ನೀ ಯಾಕ ಒಬ್ಬಾಕಿನ ಓಡತಿ?
ಗೋಲಿಯಾಕಿಗೆ ಕನ್ನಡದಾಗ ಬೈತಿದ್ದ, ಎಡಕ್ಕ ಮರಾಠಿ,
ಬಲಕ್ಕ ರೇಷ್ಮಾ ಮುಜಾವರಗ ಉರ್ದು.
ಕೊಂಕಣಿ ತನ್ನ ಸಲುವಾಗಿ ಇಟಕೊಂಡಿದ್ದ.

ಆಡೂವಾಗ ನನ್ನ ಗೆರಿ ತುಳದು ಹಾಳು ಮಾಡಿದಾಂವ
ಈಗ ಹೊರಗ ನಿಂದರತಿದ್ದ.
ತೊಂಬತ್ತು ಮಿನಿಟು.
ಬಲಗಾಲ ಬೂಟಿನ ತುದಿ ಅಷ್ಟ ಬೆಳ್ಳಗ.

ಹೋದ ವರ್ಷ ಹುಬ್ಬಳ್ಳಿಯವರ ಕೂಡ ಸೆಮಿಫೈನಲ್.
ಭಾಗವ್ವ ತಳವಾರ, ನಮ್ಮ ಸ್ಟಾಪರ್,
ಕಾಲಿಗೆ ತಾಗಿದ ಚೆಂಡು
ನಮ್ಮ ಬಲಿಯೊಳಗ.
ಹುಡುಗಿ ಗೋಲಿನ ಗೆರಿ ಮ್ಯಾಲ ಬಿದ್ದಳು,
ಅಂಗೈ ಊರಿ.

ಇನಾಸ ಗೆರಿ ದಾಟಿದ.
ಯಾರನ್ನೂ ಕೇಳಲಿಲ್ಲ, ಸೀಟಿ ಊದಿದ್ರೂ ನಿಂದರಲಿಲ್ಲ,
ಆ ಕಾಲು ಎಳಕೋತ ಅಷ್ಟೂ ಮೈದಾನ ನಡದ.
ಅವಳ ಬಾಜೂಕ ಕುಂತು ಏನೋ ಅಂದ.
ಕೊಂಕಣಿಯೊಳಗ.
ಭಾಗವ್ವಗ ಕೊಂಕಣಿ ಬರೂದಿಲ್ಲ.
ಎದ್ದಳು.

ಮ್ಯಾಚು ಸೋತ್ರು, ಅದು ಬ್ಯಾರೆ ಮಾತು.
ಹಳದಿ ಕಾರ್ಡು ಬಂತು, ಹಿಂದ ಕಾಗದ ಬಂತು:
ಇನ್ನ ಕೋಚಿಗೆ ಒಂದು ಚೌಕ ಹಾಕಬೇಕು,
ಅದರ ಹೊರಗ ಕಾಲು ಇಡಕೂಡದು.
ಹಾಕಿದೆ. ಇನಾಸ ನೋಡಿದ:
“ಏ ಬಾಳೂ, ಒಂದು ಕರಾ ಕಟ್ಟೂವಷ್ಟೂ ಇಲ್ಲಲ್ಲೋ.”
ನಾ ಡಬ್ಬಿ ಬಡಕೋತ ಮುಂದ ಹೋದೆ.

ಅದಾದ ಮ್ಯಾಲ ಹದಿನಾಕು ಮ್ಯಾಚು ಆಗ್ಯಾವು.
ಮ್ಯಾಚಿಗೊಂದು ಗೇಣು
ಚೌಕ ಬೆಳದೈತಿ.
ರೆಫ್ರಿಗೋಳು ಬರತಾರ, ನೋಡತಾರ, ಸೀಟಿ ಒರಸಿಕೋತಾರ.
ಯಾರೂ ಕೇಳಿಲ್ಲ.
ಅಳತಿ ಟೇಪು ನನ್ನ ಹಂತೇಕ ಐತಿ.